ಬ್ಯಾಕಪ್ ಕೆಟ್ಟಿದ್ದು ನನ್ನ ಫೈರ್‌ವಾಲ್‌ನಿಂದ

ಕೋಲಾರದ ಟೊಮೆಟೊ ಮಂಡಿಯೊಂದರ ಲೆಕ್ಕವೆಲ್ಲ ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್‌ನ ಉಬುಂಟು (ಲಿನಕ್ಸ್) ಮೆಷಿನ್‌ನಲ್ಲಿದೆ. ಬ್ಯಾಕಪ್ ಹಾಕಲು ಹೋದರೆ ಪಟ್ಟಿಯಲ್ಲಿ ಮೆಷಿನ್ನೇ ಕಾಣಲಿಲ್ಲ. ಕೋಲಾರಕ್ಕೆ ಚೆನ್ನೈ ಹತ್ತಿರ ಅಲ್ವಾ ಅಂತ ಬ್ಯಾಕಪ್ ಇಡುವ ವಾಲ್ಟನ್ನು ಅಲ್ಲಿರುವ ಸೌತ್ ಇಂಡಿಯಾ ರೀಜನ್‌ನಲ್ಲಿ (ಅಜೂರ್‌ನ ಡೇಟಾ ಸೆಂಟರ್ ಇರುವ ಪ್ರದೇಶ) ಮಾಡಿದ್ದೆ. ಮೆಷಿನ್ ಇದ್ದದ್ದು ಪುಣೆಯ ಸೆಂಟ್ರಲ್ ಇಂಡಿಯಾದಲ್ಲಿ. ಎರಡೂ ಒಂದೇ ರೀಜನ್‌ನಲ್ಲಿರಬೇಕು. ಹೊಸ ವಾಲ್ಟ್ ಮಾಡಿದೆ.

ಆಗಲೂ ಫೇಲ್. ಮೆಷಿನ್ ಒಳಗಿದ್ದು ಅಜೂರ್ ಜೊತೆ ಸಂಪರ್ಕ ಇಡುವ ಸಾಫ್ಟ್‌ವೇರ್, ಅಂದ್ರೆ ಏಜೆಂಟ್, ಅದರ ಸ್ಟೇಟಸ್ 'ನಾಟ್ ರೆಡಿ'. ಸುಮ್ನೆ ಎರಡು ಸಲ ರೀಸ್ಟಾರ್ಟ್ ಮಾಡಿದೆ, ಏನೂ ಆಗಲಿಲ್ಲ. ಏಜೆಂಟಿನ ಲಾಗ್ ತೆರೆದರೆ 168.63.129.16 ವಿಳಾಸಕ್ಕೆ ಬರೀ ಟೈಮ್‌ಔಟ್. ಯಾವುದೋ ಕಳ್ಳ ವಿಳಾಸ ಅಂದುಕೊಂಡೆ! ಅದು ಅಜೂರ್‌ನದೇ; ಏಜೆಂಟ್ ಮಾತಾಡುವುದು ಅದರ ಜೊತೆಯೇ. ಭದ್ರತೆ ಜಾಸ್ತಿ ಇರಲಿ ಅಂತ ಫೈರ್‌ವಾಲ್‌ನಲ್ಲಿ ಹೊರಹೋಗುವ ದಾರಿಗಳನ್ನು ಮುಚ್ಚಿದವನು ನಾನೇ. ಆ ವಿಳಾಸಕ್ಕೆ 80 ಮತ್ತು 32526 ಪೋರ್ಟ್ (ಸಂಪರ್ಕದ ಬಾಗಿಲು) ತೆರೆದೆ. ಸ್ವಲ್ಪ ಹೊತ್ತಿಗೆ 'ರೆಡಿ' ಬಂತು, ರಾತ್ರಿ ಬ್ಯಾಕಪ್ಪೂ ಆಯಿತು. ಮಂಡಿ ಯಜಮಾನರಿಗೆ ಇನ್ನೂ ಹೇಳಿಲ್ಲ.