ಸಿಂಕಿನ ಕೆಳಗೆ ಕಳಚಿಕೊಂಡ ಪೈಪ್

ಜುಲೈ ಮೂರನೆಯ ವಾರ. ಕೊಡಗಿನ ಮೂರ್ನಾಡಿನ ನಮ್ಮ ಮನೆಯಲ್ಲಿ ಹಗಲಲ್ಲೂ ದೀಪ ಹಚ್ಚಬೇಕಾದಂಥ ಮಳೆ. ಅತ್ತೆ ಸಿಂಕಿಗೆ ಅನ್ನದ ಗಂಜಿ ಬಸಿಯುತ್ತಿದ್ದವರು ತಟ್ಟನೆ ಹಿಂದೆ ಸರಿದು, "ಇಲ್ಲಿ ಬಂದು ನೋಡು, ಕಾಲ ಬುಡಕ್ಕೇ ಬರುತ್ತಿದೆ" ಎಂದರು. ಕೆಳಗಿನ ಕಪಾಟಿನ ಬಾಗಿಲ ಸಂದಿಯಿಂದ ಗಂಜಿ ಬೆಳ್ಳಗೆ ನೆಲಕ್ಕಿಳಿಯುತ್ತಿತ್ತು. ಪ್ಲಂಬರ್‌ಗೆ ಫೋನ್ ಮಾಡಿದರೆ ಮಳೆ ಕಡಿಮೆಯಾದ ಮೇಲೆ ಬರುತ್ತೇನೆ ಎಂದರು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಜಡಿಮಳೆಯ ಕಕ್ಕಡ ಮಾಸ, ಅದರಲ್ಲಿ ಹಾಗೆಂದರೆ ಎಷ್ಟು ದಿನವೋ. ನಾನೇ ಕೈಹಾಕಿದೆ.

ಮೊದಲು ಸಿಂಕಿನ ಮೇಲೆ ಒಂದು ತಟ್ಟೆ ಮುಚ್ಚಿ, ಯಾರೂ ಮರೆತು ನಲ್ಲಿ ತಿರುಗಿಸದಂತೆ ಮಾಡಿದೆ. ಕಪಾಟಿನೊಳಗಿದ್ದುದನ್ನೆಲ್ಲ ಹೊರಗೆ ತೆಗೆದು, ಬಕೆಟ್ ಇಟ್ಟು, ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಸಿಂಕಿನ ತೂತಿನಿಂದ ಕೆಳಕ್ಕಿಳಿಯುವ ತಿರುಪಿನ ಕೊಳವೆಗೆ, ಅಂದರೆ ವೇಸ್ಟ್ ಕಪ್ಲಿಂಗ್‌ಗೆ, ನಟ್ ಅಂಟಿಕೊಂಡೇ ಇತ್ತು. ಸುರುಳಿ ಪೈಪ್ ಮಾತ್ರ ಅದರೊಳಗಿಂದ ಜಾರಿ ಪಕ್ಕಕ್ಕೆ ವಾಲಿತ್ತು. ನಟ್ ಬಿಚ್ಚಿದಾಗ ಕಾರಣ ಕೈಗೇ ಸಿಕ್ಕಿತು. ಪೈಪಿನ ತುದಿಯಲ್ಲಿ ಹೊರಕ್ಕೆ ಅಗಲವಾಗಿರುವ ಅಂಚನ್ನು ನಟ್ ಹಿಡಿದಿರುತ್ತದೆ. ನಮ್ಮ ಪೈಪಿನ ಆ ಅಂಚು ಮೆತ್ತಗಾಗಿ ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ದಿನವೂ ಕುದಿಯುವ ಗಂಜಿ ನೇರವಾಗಿ ಇದೇ ದಾರಿಯಲ್ಲಿ ಹೋಗುತ್ತದೆ. ಪಿವಿಸಿ ಪೈಪಿಗೆ 60 ಡಿಗ್ರಿ ಸೆಲ್ಸಿಯಸ್ ದಾಟಿದ ನೀರು ಒಳ್ಳೆಯದಲ್ಲ, ಮೆತ್ತಗಾಗಿ ಆಕಾರ ಕೆಡುತ್ತದೆ. ಅದರ ಜೊತೆಗೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬೇಯಿಸುವ ದೊಡ್ಡ ಪಾತ್ರೆಯನ್ನು ಪೈಪಿಗೆ ಒತ್ತಿ ಇಟ್ಟಿದ್ದೆವು. ಒಂದು ಕಡೆ ಬಿಸಿ, ಇನ್ನೊಂದು ಕಡೆ ಎಳೆತ.

ಪೈಪನ್ನು ಹಿತ್ತಿಲಿಗೆ ಒಯ್ದು ತೊಳೆಯಲು ನೋಡಿದೆ. ಸುರುಳಿಯ ಒಂದೊಂದು ಮಡಿಕೆಯಲ್ಲೂ ಹಂದಿ ನೆಣ ಮೇಣದಂತೆ ಗಟ್ಟಿಯಾಗಿ ಕುಳಿತಿತ್ತು, ಅದರ ಮೇಲೆ ಕಾಫಿ ಚರಟ ಪದರಪದರವಾಗಿ. ನಮ್ಮ ಮಳೆಗಾಲದ ಚಳಿಗೆ ನೆಣ ಕರಗಿ ಹರಿಯುವುದಿಲ್ಲ. ತೊಳೆದು ಮತ್ತೆ ಹಾಕುವ ಯೋಚನೆ ಬಿಟ್ಟು ಹಳೆಯ ಪೈಪನ್ನೇ ಹಿಡಿದು ಅಂಗಡಿಗೆ ಹೋದೆ. ಹಾಗೆ ಒಯ್ದದ್ದು ಒಳ್ಳೆಯದಾಯಿತು. ನಮ್ಮ ಸಿಂಕಿನದು ಒಂದೂವರೆ ಇಂಚು, ಅಂದರೆ 40 ಮಿ.ಮೀ. ಅಂಗಡಿಯವರು ಮೊದಲು ತೆಗೆದುಕೊಟ್ಟದ್ದು ವಾಶ್‌ಬೇಸಿನ್‌ಗೆ ಹಾಕುವ 32 ಮಿ.ಮೀ. ಪೈಪ್. ಪಕ್ಕದಲ್ಲಿಟ್ಟು ನೋಡದಿದ್ದರೆ ಅದೇ ಮನೆಗೆ ಬರುತ್ತಿತ್ತು.

ಅಂಗಡಿಯಲ್ಲಿ ನಿಂತಿದ್ದ ಒಬ್ಬರು, ಹಳೆಯದಕ್ಕೇ ಎಂ-ಸೀಲ್ (ಕಲಸಿ ಮೆತ್ತಿದರೆ ಗಟ್ಟಿಯಾಗುವ ಅಂಟು) ಮೆತ್ತಿಬಿಡಿ ಎಂದರು. ಈ ಜಾಗಕ್ಕೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಜಿಡ್ಡು, ತೇವ ಇರುವಲ್ಲಿ ಅದು ಹಿಡಿಯುವುದಿಲ್ಲ. ಹಿಡಿದರೂ ಮುಂದಿನ ಸಲ ಪೈಪ್ ಕಟ್ಟಿಕೊಂಡಾಗ ಬಿಚ್ಚುವುದು ಹೇಗೆ?

ಹೊಸ ಪೈಪ್ ಹಾಕುವಾಗ ಹೆಚ್ಚು ಹೊತ್ತು ಹಿಡಿದದ್ದು ರಬ್ಬರ್ ವಾಷರ್. ಕಪ್ಲಿಂಗ್‌ನ ತಿರುಪನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಒರೆಸಿ, ನಟ್ ತಿರುಗಿಸಿದೆ. ಇನ್ನಷ್ಟು, ಮತ್ತಷ್ಟು ಬಿಗಿದೆ. ನೀರು ಬಿಟ್ಟರೆ ತೊಟ್ಟಿಕ್ಕಿತು. ಬಿಚ್ಚಿ ನೋಡಿದರೆ ವಾಷರ್ ಒಂದು ಬದಿಗೆ ಎದ್ದು, ನಟ್ ಮತ್ತು ಪೈಪಿನ ಅಂಚಿನ ನಡುವೆ ಅಮುಕಿಹೋಗಿ ಅದರ ಮೇಲೆ ಅರ್ಧಚಂದ್ರದ ಗುರುತು ಬಿದ್ದಿತ್ತು. ನೀರು ನಿಲ್ಲಿಸುವುದು ಬಿಗಿತವಲ್ಲ, ಸಮನಾಗಿ ಕುಳಿತ ವಾಷರ್. ಎರಡನೆಯ ಸಲ ಅದನ್ನು ಬೆರಳಿನಿಂದ ಸುತ್ತಲೂ ಒತ್ತಿ ಕೂರಿಸಿ, ಪೈಪನ್ನು ಎಡಗೈಯಲ್ಲಿ ನೆಟ್ಟಗೆ ಎತ್ತಿ ಹಿಡಿದು, ನಟ್ಟನ್ನು ಬರಿಗೈಯಿಂದಲೇ ಬಿಗಿ ಮಾಡಿ, ಕೊನೆಗೆ ಕಾಲು ಸುತ್ತು ಮಾತ್ರ ಹೆಚ್ಚಿಗೆ ತಿರುಗಿಸಿದೆ. ಪ್ಲಾಸ್ಟಿಕ್ ನಟ್ಟಿಗೆ ಪೈಪ್ ರೆಂಚ್ ಹಾಕಿದರೆ ಸೀಳುವ ಭಯ.

ಕೆಳತುದಿ ಗೋಡೆಯ ಮೂಲಕ ಹಿತ್ತಿಲ ಬಾಳೆಬುಡಕ್ಕೆ ಹೋಗುತ್ತದೆ. ಮೊದಲು ಪೈಪ್ ನೇರವಾಗಿ ಎಳೆದಂತಿತ್ತು, ಹೊರಗಿನ ವಾಸನೆಯೂ ಜಿರಳೆಯೂ ಅದರೊಳಗಿಂದಲೇ ಬರುತ್ತಿದ್ದವು. ಈ ಸಲ ಉದ್ದದ ಪೈಪ್ ತಂದು, ಗೋಡೆಗೆ ಹೋಗುವ ಮುನ್ನ ಕೆಳಕ್ಕೆ ಬಾಗಿಸಿ ಮತ್ತೆ ಮೇಲಕ್ಕೆತ್ತಿ ಕೇಬಲ್ ಟೈಯಿಂದ ಕಟ್ಟಿದೆ. ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಅದೇ ತಡೆ. ಪೈಪ್ ಎಳೆತವಿಲ್ಲದೆ ಸಡಿಲವಾಗಿ ಕುಳಿತದ್ದು ಇನ್ನೊಂದು ಲಾಭ.

ನಲ್ಲಿ ಬಿಟ್ಟು ನೋಡಿದರೆ ಸಾಲದು. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಅರ್ಧ ಸಿಂಕ್ ನೀರು ತುಂಬಿಸಿ, ಕೆಳಗೆ ದಿನಪತ್ರಿಕೆ ಹಾಸಿ, ಬಟ್ಟೆಯನ್ನು ಒಮ್ಮೆಲೇ ಎಳೆದೆ. ಕಾಗದ ಒದ್ದೆಯಾಗಲಿಲ್ಲ. ಗಂಜಿಯನ್ನು ಈಗ ಬಕೆಟ್ಟಿಗೆ ಬಸಿಯುತ್ತೇವೆ, ತಣಿದ ಮೇಲೆ ದನಕ್ಕೆ. ನೆಣ ಹತ್ತಿದ ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯುತ್ತೇವೆ.

ಆಗಸ್ಟ್ 3, ಕಕ್ಕಡದ ಹದಿನೆಂಟನೆಯ ದಿನ, ಕೊಡಗಿನಲ್ಲಿ ಮದ್ದುಸೊಪ್ಪು ಎಂಬ ಔಷಧಿ ಗಿಡದ ಅಡುಗೆ ಮಾಡುವ ದಿನ. ಅತ್ತೆ ಮದ್ದುಸೊಪ್ಪು ಬೇಯಿಸಿ ಪಾಯಸ ಮಾಡಿದರು. ಆ ರಸದ ಕಡುನೇರಳೆ ಬಣ್ಣ ಎಲ್ಲಿ ಬಿದ್ದರೂ ಕಾಣುತ್ತದೆ. ಪಾತ್ರೆ ತೊಳೆದ ನೇರಳೆ ನೀರೆಲ್ಲ ಸಿಂಕಿನಿಂದ ಇಳಿದು ಹೋದ ಮೇಲೆ ಕಪಾಟು ತೆರೆದು ನೋಡಿದೆ. ಹಾಸಿಟ್ಟ ಬಿಳಿ ಹಾಳೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.