ಒಂದು ಕಡೆ ಕಂದು, ಇನ್ನೊಂದು ಕಡೆ ಹಸಿ: ಕೈಯಲ್ಲಿ ಸುತ್ತಿದ ಹೀಟರ್ ಕಾಯಿಲ್ ಸರಿಮಾಡಿದ ನನ್ನ ಅನುಭವ

ಕಳೆದ ಜೂನ್‌ನಲ್ಲಿ ಅಮ್ಮ ಒಂದು ತಟ್ಟೆ ಹಲಸಿನ ಹಪ್ಪಳ ತಂದು ನನ್ನ ಮುಂದೆ ಇಟ್ಟರು. ಬಲಗಡೆಯವು ಕಂದು ಬಣ್ಣಕ್ಕೆ ತಿರುಗಿ ಮುದುಡಿದ್ದವು. ಎಡಗಡೆಯವು ಇನ್ನೂ ಬೆರಳಿಗೆ ಅಂಟುತ್ತಿದ್ದವು. "ನಿನ್ನ ಪೆಟ್ಟಿಗೆ ಅರ್ಧ ಮಾತ್ರ ಕೆಲಸ ಮಾಡ್ತಿದೆ ಕಣೋ" ಅಂದರು.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹಲಸು ಬಲಿತು, ಬೇಯಿಸಿ, ರುಬ್ಬಿ, ಹಪ್ಪಳ ಒತ್ತಿ ಮುಗಿಯುವಷ್ಟರಲ್ಲಿ ಮಳೆ ಹಿಡಿದುಬಿಡುತ್ತದೆ. ಒಮ್ಮೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ. ಅದಕ್ಕಾಗಿ ನಾನು ಪ್ಲೈವುಡ್ಡಿನಲ್ಲಿ ಒಂದು ಒಣಗಿಸುವ ಪೆಟ್ಟಿಗೆ ಮಾಡಿದ್ದೆ. ಒಳಗೆ ತಗಡು, ನಾಲ್ಕು ತಟ್ಟೆ, ಕೆಳಗೆ ಪಿಂಗಾಣಿ ಬಿಲ್ಲೆಗಳ ಮೇಲೆ ನಾನೇ ಸುತ್ತಿದ ಎರಡು ನೈಕ್ರೋಮ್ (ಕರೆಂಟ್ ಹರಿದರೆ ಕಾಯುವ ಮಿಶ್ರಲೋಹದ ತಂತಿ) ಕಾಯಿಲ್, ಪಕ್ಕದಲ್ಲಿ ಹಳೇ ಕಂಪ್ಯೂಟರಿನ ಚಿಕ್ಕ ಫ್ಯಾನ್. ತಂತಿ ಶಿವಮೊಗ್ಗದ ಗಾಂಧಿ ಬಜಾರ್ ಕಡೆಯಿಂದ ತಂದದ್ದು, 26 ಗೇಜ್. ಈ ತಂತಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಮೀಟರಿಗೆ ಸುಮಾರು 6.6 ಓಮ್ ಬರುತ್ತದೆ. ಎಂಟೆಂಟು ಮೀಟರಿನ ಎರಡು ಕಾಯಿಲ್ ಸೀರೀಸ್‌ನಲ್ಲಿ, ಅಂದರೆ ಒಂದರ ತುದಿಗೆ ಇನ್ನೊಂದನ್ನು, ಜೋಡಿಸಿದರೆ 230 ವೋಲ್ಟಿಗೆ ಸುಮಾರು 500 ವ್ಯಾಟ್. ಹಪ್ಪಳಕ್ಕೆ ಅಷ್ಟು ಸಾಕು.

ಮೊದಲು ನನಗೆ ಬಂದ ಅನುಮಾನ ತಂತಿಯ ಮೇಲೆ. ಕಳಪೆ ಮಾಲು ಕೊಟ್ಟಿದ್ದಾರೆ ಅಂದುಕೊಂಡೆ. ಅದು ತಪ್ಪು. ಸೀರೀಸ್‌ನಲ್ಲಿ ತಂತಿಯ ಉದ್ದಕ್ಕೂ ಹರಿಯುವ ಕರೆಂಟ್ ಒಂದೇ. ಹಾಗಿದ್ದೂ ಒಂದು ಜಾಗ ಜಾಸ್ತಿ ಕಾಯುತ್ತದೆ ಅಂದರೆ ಎರಡೇ ಕಾರಣ. ಅಲ್ಲಿ ರೆಸಿಸ್ಟೆನ್ಸ್ ಜಾಸ್ತಿ ಇರಬೇಕು, ಇಲ್ಲವೇ ಅಲ್ಲಿ ಹುಟ್ಟಿದ ಶಾಖ ಹೊರಗೆ ಹೋಗಲು ದಾರಿ ಇರಬಾರದು. ಇದನ್ನು ತಲೆಯಲ್ಲಿಟ್ಟುಕೊಂಡು ಹುಡುಕಲು ಕೂತೆ.

ಪ್ಲಗ್ ಕಿತ್ತು, ಒಂದೊಂದು ಕಾಯಿಲ್ ಬಿಡಿಸಿ ಓಮ್ ಅಳೆಯುವ ಮಲ್ಟಿಮೀಟರ್ ಇಟ್ಟೆ. ಒಂದು 52 ಓಮ್, ಇನ್ನೊಂದು 46. ತಂತಿಯನ್ನು ಮೊಳದ ಲೆಕ್ಕದಲ್ಲಿ ಅಳೆದದ್ದರ ಫಲ ಅದು. ಸೀರೀಸ್‌ನಲ್ಲಿ ಓಮ್ ಜಾಸ್ತಿ ಇರುವ ಕಾಯಿಲ್ಲೇ ಜಾಸ್ತಿ ಕಾಯುತ್ತದೆ. ಎರಡೂ ಕಾಯಿಲ್‌ಗೆ ಬೇರೆ ಬೇರೆಯಾಗಿ ಲೈನ್ ಕೊಡುವ ಪ್ಯಾರಲಲ್ ಜೋಡಣೆಯಾಗಿದ್ದರೆ ಇದು ತಿರುಗಾಮುರುಗಾ, ಕಡಿಮೆ ಓಮ್‌ನದ್ದೇ ಜಾಸ್ತಿ ಕರೆಂಟ್ ಎಳೆಯುತ್ತದೆ. ನಮ್ಮ 52 ಓಮ್‌ನದ್ದು ಬಲಗಡೆಯೇ ಇತ್ತು. ಆದರೆ ಇಷ್ಟು ಸಣ್ಣ ವ್ಯತ್ಯಾಸಕ್ಕೆ ಹಪ್ಪಳ ಕಂದಾಗುವುದಿಲ್ಲ. ಬೇರೆ ಏನೋ ಇದೆ ಅನ್ನಿಸಿತು.

ಅದು ಕಂಡದ್ದು ರಾತ್ರಿ. ತಟ್ಟೆ, ಫ್ಯಾನ್ ಎಲ್ಲ ತೆಗೆದು, ಕೋಣೆಯ ದೀಪ ಆರಿಸಿ, ದೂರ ನಿಂತು ಸ್ವಿಚ್ ಹಾಕಿದೆ. ಲೋಹ ಸುಮಾರು 525 ಡಿಗ್ರಿ ಮುಟ್ಟಿದಾಗ ಕತ್ತಲಲ್ಲಿ ಮಂದ ಕೆಂಪಾಗಿ ಕಾಣಲು ಶುರುವಾಗುತ್ತದೆ. ಸರಿಯಾಗಿ ಸುತ್ತಿದ ಕಾಯಿಲ್ ಆಗಿದ್ದರೆ ಇಡೀ ಉದ್ದಕ್ಕೂ ಒಂದೇ ಥರ ಇರಬೇಕಿತ್ತು. ಇಲ್ಲಿ ಬಲಗಡೆಯ ಕಾಯಿಲ್‌ನ ಮಧ್ಯೆ ಒಂದು ಗೇಣು ಜಾಗ ಕೆಂಡದ ಹಾಗೆ ಕೆಂಪಾಯಿತು. ಉಳಿದ ಭಾಗ ಕಣ್ಣಿಗೇ ಕಾಣಲಿಲ್ಲ. ಆ ಒಂದು ನಿಮಿಷ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅಮ್ಮನನ್ನು ಕರೆದು ತೋರಿಸಿದೆ.

ಮಾರನೇ ದಿನ ಸ್ಕೇಲ್ ಇಟ್ಟು ಸುತ್ತು ಎಣಿಸಿದೆ. ಕೆಂಪಾದ ಕಡೆ 10 ಸೆಂಟಿಮೀಟರಿಗೆ 110 ಸುತ್ತು, ತುದಿಯ ಕಡೆ 50. ಒತ್ತೊತ್ತಾಗಿ ಇರುವ ಸುತ್ತುಗಳು ಒಂದನ್ನೊಂದು ಕಾಯಿಸುತ್ತವೆ, ಗಾಳಿ ನುಗ್ಗುವುದಿಲ್ಲ. ಅತಿಯಾಗಿ ಬಿಚ್ಚಿಕೊಂಡ ಕಡೆ ಶಾಖ ಸುಲಭವಾಗಿ ಹೋಗುತ್ತದೆ. ಮೊದಲ ಸಲ ಸುತ್ತಿದ ಮೇಲೆ ನಾನು ಎರಡು ತುದಿ ಹಿಡಿದು ಸುಮ್ನೆ ಎಳೆದಿದ್ದೆ. ತುದಿಗಳು ಬಿಚ್ಚಿಕೊಂಡವು, ನಡುವೆ ಗುಂಪು ಉಳಿಯಿತು. ಕಾದಾಗ ಕಾಯಿಲ್ ಜೋತು ಬಿದ್ದು ಗುಂಪು ಇನ್ನೂ ಒತ್ತಾಗಿತ್ತು. ಹೀಗೇ ಬಿಟ್ಟರೆ ಆ ಜಾಗ ಬೇಗ ಸವೆಯುತ್ತದೆ. ಸವೆದು ತೆಳುವಾದ ಹಾಗೆ ಓಮ್ ಏರುತ್ತದೆ, ಓಮ್ ಏರಿದರೆ ಇನ್ನೂ ಕಾಯುತ್ತದೆ, ಕೊನೆಗೆ ಅಲ್ಲೇ ತುಂಡಾಗುತ್ತದೆ. ತುಂಡಾದದ್ದನ್ನು ಹೊಸೆದು ಜೋಡಿಸಬೇಡಿ. ಹಿಂದಿನ ವರ್ಷ ನಾನು ಹಾಗೆ ಮಾಡಿ, ನಾಲ್ಕೇ ದಿನದಲ್ಲಿ ಆ ಗಂಟೇ ಸುಟ್ಟು ಹೋಯಿತು.

ಹಳೆಯದನ್ನು ಸರಿಮಾಡಲು ಹೋಗದೆ ಎರಡನ್ನೂ ಹೊಸದಾಗಿ ಸುತ್ತಿದೆ. ಈ ಸಲ ಟೇಪ್ ಹಿಡಿದು ಎಂಟು ಮೀಟರ್ ಅಳೆದು, ಮಲ್ಟಿಮೀಟರಿನಲ್ಲೂ ನೋಡಿ ಎರಡನ್ನೂ 53 ಓಮ್‌ಗೆ ತಂದೆ. 4 ಮಿಲಿಮೀಟರ್ ಸರಳನ್ನು ಡ್ರಿಲ್ ಮಷಿನ್ನಿಗೆ ಕಚ್ಚಿಸಿ ನಿಧಾನ ತಿರುಗಿಸಿದೆ. ತಮ್ಮ ದಪ್ಪ ಬಟ್ಟೆಯಲ್ಲಿ ತಂತಿ ಬಿಗಿ ಹಿಡಿದಿದ್ದ. ಸುಮಾರು 570 ಸುತ್ತು, ಒತ್ತಾಗಿ 26 ಸೆಂಟಿಮೀಟರ್. ಎಲ್ಲೂ ಕಟಿಂಗ್ ಪ್ಲೇಯರ್ ತಾಗಿಸಲಿಲ್ಲ, ಅದರ ಹಲ್ಲು ಕಚ್ಚಿದ ಜಾಗ ತೆಳುವಾಗಿ ಅಲ್ಲೇ ಕಾಯುತ್ತದೆ.

ಎಳೆಯುವುದೇ ನಿಜವಾದ ಕೆಲಸ. ಹಲಗೆಯ ಮೇಲೆ 78 ಸೆಂಟಿಮೀಟರಿಗೆ ಗುರುತು ಹಾಕಿ, ಒಂದು ತುದಿ ಮೊಳೆಗೆ ಸಿಕ್ಕಿಸಿದೆ. ಒಂದೇ ಸಲಕ್ಕೆ ಎಳೆಯಲಿಲ್ಲ. ಸ್ವಲ್ಪ ಎಳೆದು ಬಿಡುವುದು, ಎಷ್ಟು ಹಿಂದಕ್ಕೆ ಬಂತು ನೋಡುವುದು, ಮತ್ತೆ ಇನ್ನಷ್ಟು. ಗುಂಪು ಕಂಡ ಕಡೆ ಆ ಭಾಗವನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಬಿಡಿಸುವುದು. ಅರ್ಧ ಗಂಟೆ ಹಿಡಿಯಿತು. ಕೊನೆಗೆ ಎಲ್ಲಿ ಎಣಿಸಿದರೂ 10 ಸೆಂಟಿಮೀಟರಿಗೆ 73ರ ಆಚೀಚೆ. ಜೋತು ಬೀಳದಂತೆ ನಡುವೆ ಇನ್ನೆರಡು ಪಿಂಗಾಣಿ ಆಸರೆ ಕೊಟ್ಟೆ.

ತುದಿಗಳನ್ನು ನೋಡಿದಾಗ ಇನ್ನೊಂದು ತಪ್ಪು ಸಿಕ್ಕಿತು. ಒಂದು ನಟ್ ಸಡಿಲವಾಗಿ ಸುತ್ತ ಕಪ್ಪಾಗಿತ್ತು, ಹತ್ತಿರದ ವೈರಿನ ಪ್ಲಾಸ್ಟಿಕ್ ಮೆತ್ತಗಾಗಿತ್ತು. ದಿನವೂ ಕಾದು ಆರಿ ನಟ್ ಸಡಿಲವಾಗುತ್ತದೆ, ಸಡಿಲವಾದ ಜಾಗ ತಾನೇ ಹೀಟರ್ ಆಗುತ್ತದೆ. ಅದಕ್ಕೆ ಬೆಸುಗೆ ಹಾಕಿ ಪ್ರಯೋಜನ ಇಲ್ಲ, ಸೀಸದ ಬೆಸುಗೆ 200 ಡಿಗ್ರಿ ಒಳಗೇ ಕರಗುತ್ತದೆ. ಕೊನೆಯ ಐದಾರು ಸೆಂಟಿಮೀಟರಿಗೆ ಇನ್ನೊಂದು ತುಂಡು ನೈಕ್ರೋಮ್ ಸೇರಿಸಿ ಜೋಡಿ ಹೊಸೆದೆ. ದಪ್ಪ ಜಾಸ್ತಿಯಾದರೆ ಓಮ್ ಅರ್ಧಕ್ಕಿಳಿದು ತುದಿ ತಣ್ಣಗಿರುತ್ತದೆ. ಸ್ಟೀಲ್ ವಾಷರ್ ಎರಡೂ ಕಡೆ ಹಾಕಿ ಡಬಲ್ ನಟ್ ಬಿಗಿದೆ.

ವೋಲ್ಟೇಜ್ ಕೂಡ ನನ್ನನ್ನು ಎರಡು ದಿನ ದಾರಿ ತಪ್ಪಿಸಿತ್ತು. ನಮ್ಮಲ್ಲಿ ಸಂಜೆ 180ಕ್ಕೆ ಇಳಿಯುತ್ತದೆ. ಆಗ ಶಾಖ ಪೂರ್ತಿ ವೋಲ್ಟೇಜಿನಲ್ಲಿ ಇದ್ದದ್ದರ ಶೇ. 61 ಮಾತ್ರ. ಬೆಳಿಗ್ಗೆಯ ಪರೀಕ್ಷೆಯನ್ನು ಸಂಜೆಯದ್ದರ ಜೊತೆ ಹೋಲಿಸಿದರೆ ಏನೂ ಅರ್ಥವಾಗುವುದಿಲ್ಲ. ಈಗ ಪ್ರತಿ ಸಲ ಮೊದಲು ವೋಲ್ಟೇಜ್ ಬರೆದುಕೊಳ್ಳುತ್ತೇನೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಇದು ಹೊದಿಕೆ ಇಲ್ಲದ ತಂತಿ, ಅದರಲ್ಲಿ 230 ವೋಲ್ಟ್ ಇದೆ. ಒಳಗಿನ ತಗಡಿಗೆ ಅರ್ಥಿಂಗ್ ಕೊಡಿ, ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಫ್ಯಾನ್ ನಿಂತರೂ ಪೆಟ್ಟಿಗೆ ಹೊತ್ತಿಕೊಳ್ಳದಂತೆ ಥರ್ಮೋಸ್ಟಾಟ್ ಬೇಕೇ ಬೇಕು, ನನ್ನದು 60 ಡಿಗ್ರಿಗೆ ಕಟ್ ಆಗುತ್ತದೆ. ರಾತ್ರಿ ಹಚ್ಚಿಟ್ಟು ಮಲಗಬೇಡಿ. ಗೊತ್ತಿಲ್ಲದಿದ್ದರೆ ಲೈನಿನ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ಹೊಸ ಕಾಯಿಲ್ ಹಾಕಿ ಮತ್ತೆ ಕತ್ತಲಲ್ಲಿ ನೋಡಿದೆ. ಎಲ್ಲೂ ಕೆಂಪಿಲ್ಲ. ಆದರೂ ಹಪ್ಪಳ ಬಲಗಡೆ ಸ್ವಲ್ಪ ಮುಂಚೆ ಒಣಗುತ್ತಿತ್ತು. ಫ್ಯಾನ್ ಎಡಪಕ್ಕದಲ್ಲಿದ್ದುದರಿಂದ ಎಡಗಡೆಗೆ ತಣ್ಣನೆ ಗಾಳಿ, ಬಲಗಡೆಗೆ ಕಾದ ಗಾಳಿ. ಫ್ಯಾನ್ ಅನ್ನು ತಳದ ನಡುವಿಗೆ ತಂದು, ಕಾಯಿಲ್ ಮೇಲೆ ತೂತು ಹೊಡೆದ ತಗಡು ಅಡ್ಡ ಇಟ್ಟೆ. ಈಗ ಹಿಂದಿನ ಒಂದು ಮೂಲೆ ಮಾತ್ರ ಒಂದು ಗಂಟೆ ತಡ. ಅಮ್ಮ ನಡುವೆ ಒಮ್ಮೆ ತಟ್ಟೆ ತಿರುಗಿಸಿ ಇಡುತ್ತಾರೆ.