ಹಾವು ಕಡಿತಕ್ಕೆ ತುರ್ತು ಘಟಕದ ಸಿಬ್ಬಂದಿಯನ್ನು ಅಣಿಗೊಳಿಸುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮುಂಗಾರು ಹಿಡಿದು ಗದ್ದೆ ಕೆಲಸ ಶುರುವಾಗುವ ಮೊದಲೇ ಈ ತರಬೇತಿ ಮುಗಿದಿರಬೇಕು. ಸ್ಲೈಡ್ ತೋರಿಸಿ ಕಳಿಸಿದರೆ ಪ್ರಯೋಜನವಿಲ್ಲ. ರಾತ್ರಿ ಪಾಳಿಯಲ್ಲಿ ಕೈ ಓಡಬೇಕಾದರೆ ಅಭ್ಯಾಸವೂ ಕೈಗೇ ಆಗಬೇಕು. ಒಂದು ತಂಡಕ್ಕೆ ಆರು ಜನ, ಒಂದು ಮಂಚ, ಒಂದು ಗಡಿಯಾರ, ಒಂದೂವರೆ ಗಂಟೆ ಸಾಕು. ಡಾಕ್ಟರ್, ನರ್ಸ್, ಗ್ರೂಪ್ ಡಿ ಎಲ್ಲರನ್ನೂ ಒಟ್ಟಿಗೇ ಕೂರಿಸಿ.

ಹೆಚ್ಚು ಹೊತ್ತು ಕೊಡಬೇಕಾದದ್ದು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ. ಇಷ್ಟು ಸರಳವಾದ ಪರೀಕ್ಷೆಯೇ ಹೆಚ್ಚು ಕೆಡುತ್ತದೆ. ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಆಗಷ್ಟೇ ತೆಗೆದ 2 ಮಿ.ಲೀ. ರಕ್ತ ಹಾಕಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮೊಬೈಲಿನಲ್ಲಿ ಅಲಾರಂ ಇಡಿ. 20 ನಿಮಿಷ ಆದ ಮೇಲೆ ಒಂದೇ ಸಲ ಓರೆ ಮಾಡಿ. ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ತಟ್ಟಿದೆ ಎಂದು ಲೆಕ್ಕ. ಐದೈದು ನಿಮಿಷಕ್ಕೆ ಅಲ್ಲಾಡಿಸಿ ನೋಡುವ ಚಟ ಬಿಡಿಸಿ. ಪ್ಲಾಸ್ಟಿಕ್ ಟ್ಯೂಬಿನಲ್ಲಾಗಲಿ, ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಾಗಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು, ಆಗ ಬೇಡದವರಿಗೆ ಔಷಧ ಹೋಗುತ್ತದೆ. ಅನುಮಾನ ಬಂದರೆ ಸಿಬ್ಬಂದಿಯೊಬ್ಬರ ರಕ್ತವನ್ನು ಪಕ್ಕದ ಟ್ಯೂಬಿಗೆ ಹಾಕಿ. ಅದೂ ಹೆಪ್ಪುಗಟ್ಟದಿದ್ದರೆ ತಪ್ಪು ಟ್ಯೂಬಿನದು. ಮೊದಲ ಸಲ ಹೆಪ್ಪುಗಟ್ಟಿತೆಂದು ಮನೆಗೆ ಕಳಿಸುವಂತಿಲ್ಲ. ಪರೀಕ್ಷೆ ಮತ್ತೆ ಮತ್ತೆ ಆಗಬೇಕು, 24 ಗಂಟೆ ನಿಗಾ ಬೇಕು.

ಕಾಲಿಗೆ ಹಗ್ಗವೋ ಟವೆಲ್ಲೋ ಬಿಗಿದುಕೊಂಡೇ ಬರುವವರು ಇದ್ದೇ ಇರುತ್ತಾರೆ. ಕಂಡ ಕೂಡಲೇ ಕತ್ತರಿ ಹಾಕಬಾರದು. ಕಟ್ಟಿನ ಕೆಳಗೆ ತಡೆದು ನಿಂತ ವಿಷ ಒಮ್ಮೆಲೇ ಮೇಲೇರಬಹುದು. ಮೊದಲು ಐ.ವಿ. ಲೈನ್, ಆಕ್ಸಿಜನ್, ಉಸಿರು ತುಂಬಲು ಕೈಯಿಂದ ಒತ್ತುವ ಅಂಬು ಬ್ಯಾಗ್ ಸಿದ್ಧವಾಗಲಿ. ಕಟ್ಟಿನ ಕೆಳಗೆ ನಾಡಿ ಸಿಗುತ್ತದೆಯೇ ನೋಡಿ, ಡಾಕ್ಟರ್ ಎದುರಿಗೇ ಮೆಲ್ಲಗೆ ಸಡಿಲಿಸಿ.

ಕಟ್ಟು ಹಾವಿನದ್ದು (ಕ್ರೇಟ್) ಬೇರೆಯೇ ಆಟ. ಊತವಿಲ್ಲ, ನೋವಿಲ್ಲ, ಹಲ್ಲಿನ ಗುರುತೂ ಕಾಣದೆ ಹೋಗಬಹುದು. ನೆಲದಲ್ಲಿ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಎಂದು ಬಂದರೆ, ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಡುವ ಮೊದಲು ರೆಪ್ಪೆ ಜೋತುಬಿದ್ದಿದೆಯೇ ನೋಡಿ, ದಿಂಬಿನಿಂದ ತಲೆ ಎತ್ತಿಸಿ, ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತಾರೆಂದು ಬರೆದಿಡಿ. ಹದಿನೈದು ನಿಮಿಷದ ನಂತರ ಎಣಿಕೆ ಇಳಿದಿದ್ದರೆ ಉಸಿರಾಟದ ಸ್ನಾಯು ಸೋಲುತ್ತಿದೆ.

ಎ.ಎಸ್.ವಿ., ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಕಲಸುವುದನ್ನು ಅವಧಿ ಮೀರಿದ ವೈಲ್‌ಗಳಲ್ಲಿ (ಔಷಧದ ಸೀಸೆಗಳಲ್ಲಿ) ಅಭ್ಯಾಸ ಮಾಡಿಸಿ. ಪ್ರತಿ ವೈಲಿಗೆ 10 ಮಿ.ಲೀ. ಸ್ಟೆರೈಲ್ ವಾಟರ್, ಅಂಗೈಗಳ ನಡುವೆ ಹೊರಳಿಸಬೇಕು, ಕುಲುಕಿದರೆ ನೊರೆ ಬಂದು ಔಷಧ ಅದರಲ್ಲೇ ಉಳಿಯುತ್ತದೆ. ಮೊದಲ ಡೋಸ್ 10 ವೈಲ್. ಮಕ್ಕಳಿಗೂ ಅಷ್ಟೇ, ಏಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಕಡಿಮೆಯಾಗಬೇಕಾದದ್ದು ಅದನ್ನು ಬೆರೆಸಿ ಹರಿಸುವ ಸಲೈನ್ ಮಾತ್ರ. ಒಬ್ಬರೇ ಹತ್ತು ವೈಲ್ ಕಲಸುತ್ತ ಕೂತರೆ ಹೊತ್ತು ಹೋಗುತ್ತದೆ, ಐದೈದು ಹಂಚಿಕೊಳ್ಳಿ. ಸುಮಾರು ಒಂದು ಗಂಟೆಯಲ್ಲಿ ಹರಿಸಿ. ಚರ್ಮದ ಟೆಸ್ಟ್ ಡೋಸ್ ಬೇಡ. ಅದು ರಿಯಾಕ್ಷನ್ ಆಗುತ್ತದೋ ಇಲ್ಲವೋ ಹೇಳುವುದಿಲ್ಲ, ಹೊತ್ತು ತಿನ್ನುತ್ತದೆ.

ರಿಯಾಕ್ಷನ್ ಆದರೆ ಕೊಡಲು, ಡ್ರಿಪ್ ಶುರುವಾಗುವ ಮೊದಲೇ ದೊಡ್ಡವರಿಗೆ 0.5 ಮಿ.ಗ್ರಾಂ. ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ, ಹೆಸರು ಬರೆದು ಟ್ರೇಯಲ್ಲಿರಲಿ. ಮೊದಲ ಹದಿನೈದು ನಿಮಿಷ ನರ್ಸ್ ಮಂಚ ಬಿಟ್ಟು ಕದಲಬಾರದು. ತುರಿಕೆ, ದದ್ದು, ವಾಂತಿ, ಉಬ್ಬಸ ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ, ತೊಡೆಯ ಹೊರಬದಿಯ ಸ್ನಾಯುವಿಗೆ ಆ ಅಡ್ರಿನಲಿನ್ ಕೊಡಿ. ಸುಧಾರಿಸಿದ ಮೇಲೆ ನಿಧಾನವಾಗಿ ಡ್ರಿಪ್ ಮುಂದುವರಿಸಬಹುದು. ರಕ್ತ ಹೆಪ್ಪುಗಟ್ಟದವರಿಗೆ ಬೇರೆ ಸ್ನಾಯು ಚುಚ್ಚುಮದ್ದು ಯಾವುದೂ ಬೇಡ: ಟಿಟಿ ಕಾಯಲಿ, ನೋವಿನ ಡೈಕ್ಲೋಫೆನಾಕ್ ಬೇಡವೇ ಬೇಡ. ಎ.ಎಸ್.ವಿ. ಕೊಟ್ಟು ಆರು ಗಂಟೆ ಕಳೆದ ಮೇಲೆ ಮತ್ತೆ ಗಾಜಿನ ಟ್ಯೂಬಿನ ಪರೀಕ್ಷೆ.

ಮಲೆನಾಡಿನವರು ನೆನಪಿಡಬೇಕಾದ ಮಾತೊಂದಿದೆ. ನಮ್ಮಲ್ಲಿ ಸಿಗುವ ಎ.ಎಸ್.ವಿ. ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಅಡಿಕೆ ತೋಟ, ಕಾಡಂಚಿನ ಗುಳಿಮಂಡಲಕ್ಕೂ ಆಗುಂಬೆಯ ಕಾಳಿಂಗಕ್ಕೂ ಅದನ್ನು ನಂಬುವಂತಿಲ್ಲ. 10 ವೈಲ್ ಹೋದರೂ ರಕ್ತ ಹೆಪ್ಪುಗಟ್ಟದಿದ್ದರೆ, ಮೂತ್ರ ಕಡಿಮೆಯಾದರೆ, ಡಯಾಲಿಸಿಸ್ ಇರುವ ಕಡೆ ಕಳಿಸುವ ಯೋಚನೆ ಆಗಲೇ ಮಾಡಿ. ಉಸಿರಾಟ ಸೋಲುತ್ತಿರುವವರನ್ನು ಗಂಟಲಿಗೆ ಉಸಿರಿನ ಟ್ಯೂಬ್ ಹಾಕದೆ ಘಾಟಿ ರಸ್ತೆಗೆ ಹತ್ತಿಸಬೇಡಿ. ಕಡಿದ ಹೊತ್ತು, ಕೊಟ್ಟ ವೈಲ್ ಎಷ್ಟು, ಕೊನೆಯ ಗಾಜಿನ ಟ್ಯೂಬಿನ ಫಲಿತಾಂಶ ಏನು ಎಂಬುದನ್ನು ಚೀಟಿಯಲ್ಲಿ ಬರೆದು, ಆ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ; ಆ ನಮೂನೆಯೂ ಇದೇ ಟ್ರೇಯಲ್ಲಿ, ಗಾಜಿನ ಟ್ಯೂಬುಗಳ ಪಕ್ಕದಲ್ಲೇ ಇರಲಿ.